ಒಂದೇ ಹೊತ್ತಿಗೆ ಕೇಳಿದ್ದು

ಫೆಬ್ರವರಿ 9

ತಮ್ಮಾ,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಸಿಟ್ಟು ಇಳಿಯಲಿ ಅಂತ ಕಾದೆ. ಪೂರ್ತಿ ಇಳಿದಿಲ್ಲ, ಆದರೂ ಬರೆಯುತ್ತಿದ್ದೇನೆ.

ಅಮ್ಮನಿಗೆ ಮರೆವು ಹೆಚ್ಚಾಗಿದೆ, ಅಂಥವರನ್ನು ನೋಡಿಕೊಳ್ಳುವ ಆರೈಕೆ ಮನೆಯಲ್ಲಿ ಜಾಗ ಖಾಲಿ ಇದೆ, ನೀನು ಹೂಂ ಅಂದರೆ ಸೇರಿಸುತ್ತೇನೆ ಅಂತ ಬರೆದಿದ್ದೀಯ. ನಾನು ಹೂಂ ಅನ್ನುವುದಿಲ್ಲ. ಎರಡು ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ಹತ್ತರಿಂದ ಹತ್ತೂವರೆ ತನಕ ಅವಳ ಜೊತೆ ಮಾತಾಡುತ್ತಿದ್ದೇನಪ್ಪಾ, ನನಗೆ ಗೊತ್ತಾಗುವುದಿಲ್ಲವೇ? ಮೊನ್ನೆ ಫೋನ್ ಎತ್ತಿದವಳೇ "ಮೊಣಕಾಲು ನೋವು ಹೇಗಿದೆ?" ಅಂದಳು. ಆ ನೋವಿನ ವಿಷಯ ನಾನು ಬಾಯಿಬಿಟ್ಟಿದ್ದು ಮೂರು ವಾರದ ಹಿಂದೆ, ಅದೂ ಮಾತಿನ ಮಧ್ಯೆ ಎಲ್ಲೋ. ಮರೆವು ಯಾರಿಗೆ, ಅವಳಿಗೋ ನಿನಗೋ?

ದಿನಾ ಫೋನ್ ಮಾಡು ಅನ್ನಬೇಡ. ಈ ಕಣಿವೆಯೊಳಗೆ ಮೊಬೈಲ್ ತರುವಂತಿಲ್ಲ. ಒಂದು ಮೊಬೈಲ್ ಆನ್ ಆದರೆ ಸಾಕು, ನಮ್ಮ ಆಂಟೆನಾಕ್ಕೆ ಆಕಾಶದ ಸದ್ದೇ ಕೇಳಿಸುವುದಿಲ್ಲ. ಕಚೇರಿಯಲ್ಲಿ ತಂತಿಯ ಫೋನು ಒಂದೇ ಒಂದು, ಮೂವತ್ತು ಜನಕ್ಕೆ ವಾರಕ್ಕೆ ಅರ್ಧರ್ಧ ಗಂಟೆ. ಪಟ್ಟಿಯನ್ನು ಮ್ಯಾನೇಜರಮ್ಮ ಗೋಡೆಗೆ ಅಂಟಿಸಿದ್ದಾರೆ, ಅದನ್ನು ಬದಲಿಸಿ ಅನ್ನುವ ಧೈರ್ಯ ನಿರ್ದೇಶಕರಿಗೂ ಇಲ್ಲ. ಈಮೇಲ್ ಕಳಿಸಿದರೆ ನಿಮ್ಮ ಬಸ್ ಡಿಪೋದ ಕಂಪ್ಯೂಟರಿನಲ್ಲಿ ಎಲ್ಲರೂ ಇಣುಕುತ್ತಾರೆ ಅಂತ ನೀನೇ ಅಂದೆ. ಹಾಗಾಗಿ ಕಾಗದವೇ ಗತಿ.

ನನ್ನ ಕೆಲಸ ಎಲ್ಲಿದ್ದದ್ದು ಅಲ್ಲೇ ಇದೆ. ಗಾಮಾ ಕಿರಣ ಹಿಡಿಯುವ ಉಪಗ್ರಹ ಆಕಾಶದಲ್ಲಿ ಸಾವಿರಾರು ಮೂಲಗಳನ್ನು ಗುರುತಿಸಿದೆ ಅಂತ ಹೇಳಿದ್ದೆನಲ್ಲ, ಅದರಲ್ಲಿ ಸುಮಾರು ಮೂರರಲ್ಲೊಂದು ಯಾವುದರಿಂದ ಬರುತ್ತಿದೆ ಅಂತ ಯಾರಿಗೂ ಗೊತ್ತಿಲ್ಲ. ಗಾಮಾ ಕಿರಣ ಬೆರಳು ಮಾಡಿ ಮನೆ ತೋರಿಸುವುದಿಲ್ಲ, ಬರೀ ಬಡಾವಣೆ ತೋರಿಸುತ್ತದೆ. ಆ ಬಡಾವಣೆಯಲ್ಲಿ ಯಾರ ಮನೆ ಅಂತ ಹುಡುಕುವ ಕೆಲಸ ನಮ್ಮದು. ನನ್ನ ಪಾಲಿಗೆ ಬಂದಿರುವ ಮೂಲ ಏರಿಳಿತವಿಲ್ಲದೆ ಒಂದೇ ಸಮನೆ ಉರಿಯುತ್ತದೆ. ಅಂದರೆ ಅದು ಗಿರಗಿರನೆ ತಿರುಗುವ ಸತ್ತ ನಕ್ಷತ್ರ, ಪಲ್ಸಾರ್ ಇರಬೇಕು. ಪಲ್ಸಾರ್ ಆದರೆ ರೇಡಿಯೋದಲ್ಲಿ ಅದರ ಮಿಡಿತ ಕೇಳಿಸಬೇಕು. ಮೂವತ್ತೆಂಟು ಸಲ ಕಿವಿಗೊಟ್ಟಿದ್ದೇನೆ, ಕೇಳಿಸಿಲ್ಲ. ಇನ್ನೆರಡು ಸಲ ಬಾಕಿ. ಆಮೇಲೆ ಈ ಮೂಲವನ್ನು ಪಟ್ಟಿಯಿಂದ ತೆಗೆಯುತ್ತಾರೆ. ಊಟ ಸೇರುತ್ತಿಲ್ಲ ಕಣೋ. ಕುರ್ಚಿಯಲ್ಲಿ ಕೂತರೆ ಎದ್ದು ಓಡಾಡಬೇಕು ಅನ್ನಿಸುತ್ತದೆ, ಓಡಾಡಿದರೆ ಮೊಣಕಾಲು ನೋಯುತ್ತದೆ.

ಅಮ್ಮನ ಸುದ್ದಿಗೆ ಹೋಗಬೇಡ. ಅವಳು ಚೆನ್ನಾಗಿದ್ದಾಳೆ.

ಅಕ್ಕ


ಫೆಬ್ರವರಿ 20

ಅಕ್ಕಾ,

ಬೈಸಿಕೊಂಡೆ. ಸಾಕೋ ಇನ್ನೂ ಇದೆಯೋ?

ನಿನ್ನೆ ಸಂಜೆ ಐದು ಗಂಟೆಗೆ ಅಮ್ಮ ಬಟ್ಟೆ ಚೀಲ ತುಂಬಿಕೊಂಡು ಬಾಗಿಲ ಹತ್ತಿರ ನಿಂತಿದ್ದಳು. ಎಲ್ಲಿಗೆ ಅಂದೆ. "ಕೆಲಸಕ್ಕೆ ಹೊತ್ತಾಯ್ತು" ಅಂದಳು. ಅವಳು ಶಾಲೆಯ ಗ್ರಂಥಾಲಯದ ಕೆಲಸ ಬಿಟ್ಟು ಹದಿನಾರು ವರ್ಷವಾಯಿತು. ಮೊನ್ನೆ ಕೆಳಗಿನ ದರ್ಜಿ ಅವಳನ್ನು ತಿರುವಿನ ಔಷಧಿ ಅಂಗಡಿಯಿಂದ ಕೈಹಿಡಿದು ಕರೆದುಕೊಂಡು ಬಂದ. ಅಲ್ಲಿ ಪುಸ್ತಕ ಕೇಳುತ್ತಿದ್ದಳಂತೆ, ಇಲ್ಲ ಅಂದದ್ದಕ್ಕೆ ಅಂಗಡಿಯವನಿಗೆ "ನೀನು ಓದೋನಲ್ಲ ಬಿಡು" ಅಂತ ಬೈದಳಂತೆ. ಆ ಮಟ್ಟಿಗೆ ಅಮ್ಮ ಅಮ್ಮನೇ.

ನಗು ಬರುತ್ತದೆ ಅಕ್ಕ, ಬರೆಯುವಾಗ. ಆ ಹೊತ್ತಿಗೆ ಬರುವುದಿಲ್ಲ.

ಒಂದೇ ಒಂದು ಕೇಳುತ್ತೇನೆ. ನಾಲ್ಕು ದಿನ ರಜೆ ಹಾಕಿ ಬಾ. ಬಂದು ಕಣ್ಣಾರೆ ನೋಡು, ಆಮೇಲೆ ಬೇಡ ಅಂದರೆ ಬೇಡ. ಮೇ ಕೊನೆಯವರೆಗೆ ಆ ಜಾಗವನ್ನು ನಮಗಾಗಿ ಇಟ್ಟಿರುತ್ತಾರೆ. ನಿನ್ನ ಮಾತಿಲ್ಲದೆ ನಾನು ಸೇರಿಸುವುದಿಲ್ಲ. ನಾಳೆ ನೀನು ಬಂದು "ನನ್ನ ಅಮ್ಮನನ್ನು ಎಲ್ಲಿ ಬಿಟ್ಟೆ" ಅಂತ ಕೇಳಿದರೆ ಜೀವಮಾನ ಪೂರ್ತಿ ಅದಕ್ಕೆ ನನ್ನ ಹತ್ತಿರ ಉತ್ತರವಿರುವುದಿಲ್ಲ.

ಡಿಪೋದಲ್ಲಿ ಹೊಸ ವೇಳಾಪಟ್ಟಿ ಮಾಡುತ್ತಿದ್ದೇನೆ. ಅರವತ್ತೆರಡು ಬಸ್ಸು, ಐವತ್ತೊಂದು ಚಾಲಕರು. ಹನ್ನೊಂದು ಬಸ್ಸಿಗೆ ಚಾಲಕರನ್ನು ಎಲ್ಲಿಂದ ತರಲಿ ಅಂತ ಮೇಲಿನವರನ್ನು ಕೇಳಿದೆ. ಹೊಂದಿಸಿ ಅಂದರು. ಹೊಂದಿಸುತ್ತಿದ್ದೇನೆ.

ತಮ್ಮ


ಮಾರ್ಚ್ 10

ತಮ್ಮಾ,

ಹಿಂದಿನ ಭಾನುವಾರ ಅಮ್ಮನನ್ನೇ ನೇರವಾಗಿ ಕೇಳಿಬಿಟ್ಟೆ. "ಚೀಲ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದೆಯಂತೆ?" ಅಂದೆ. ನಕ್ಕಳು. "ಅವನಿಗೆ ಕೆಲಸ ಜಾಸ್ತಿಯಾಗಿ ತಲೆ ಕೆಟ್ಟಿದೆ ಬಿಡು. ನೀನು ನಿನ್ನ ನಕ್ಷತ್ರ ನೋಡ್ಕೋ" ಅಂದಳು. ಎಷ್ಟು ಸ್ಪಷ್ಟವಾಗಿ ಮಾತಾಡಿದಳು ಗೊತ್ತೇ? ನನ್ನ ಜೊತೆ ಕೆಲಸ ಮಾಡುವ ಉದ್ದ ಕೂದಲಿನವನು ಹೇಗಿದ್ದಾನೆ ಅಂತಲೂ ಕೇಳಿದಳು.

ಕೆಟ್ಟದಾಗಿ ಕೇಳಿಸಿದರೂ ಕೇಳುತ್ತೇನೆ. ದಿನಾ ಎರಡು ಹೊತ್ತು ಅಮ್ಮನ ಮನೆಗೆ ಹೋಗಿ ಬರುವುದು ನಿನಗೆ ಭಾರವಾಯಿತೇ? ಅಥವಾ ನಿನ್ನ ಮನೆಯಲ್ಲಿ, ನಿನ್ನ ಹೆಂಡತಿಯಿಂದ, ಅದಕ್ಕೆ ಮಾತು ಬಂತೇ? ಹಾಗಿದ್ದರೆ ಹಾಗಂತ ಬರೆ. ಅಮ್ಮನ ಮೇಲೆ ಕಾಯಿಲೆ ಹೊರಿಸಬೇಡ.

ರಜೆ ಈಗ ಆಗದ ಮಾತು. ಕೊನೆಯ ಎರಡು ಸಲವೂ ಕೇಳಿ ಮುಗಿಯಿತು. ಏನೂ ಇಲ್ಲ. ನಲವತ್ತಕ್ಕೆ ನಲವತ್ತೂ ಸೊನ್ನೆ. ಮೊದಲಿಂದ ಎಲ್ಲವನ್ನೂ ಜಾಲಾಡುತ್ತಿದ್ದೇನೆ. ನನಗೆ ಇಲ್ಲಿ ಏನು ನಡೆಯುತ್ತಿದೆ ಅಂತ ನಿನಗೆ ಗೊತ್ತಾಗಲಿ ಅಂತ ನನ್ನ ಪಟ್ಟಿಯ ಒಂದು ಪ್ರತಿ ಇದರೊಂದಿಗೆ ಇಟ್ಟಿದ್ದೇನೆ. ದಿನಾಂಕ, ಕೇಳಲು ಶುರುಮಾಡಿದ ಸಮಯ, ಸಿಕ್ಕಿದ್ದು. ಕೊನೆಯ ಅಂಕಣವನ್ನು ಮೇಲಿಂದ ಕೆಳಗೆ ಓದು. ವೇಳಾಪಟ್ಟಿ ಅಂದರೆ ನಿನಗೆ ಪ್ರಾಣವಲ್ಲವೇ?

ಅಕ್ಕ


ಏಪ್ರಿಲ್ 14

ಅಕ್ಕಾ,

ಒಂದು ತಿಂಗಳು ಬರೆಯಲಿಲ್ಲ. ಮೊದಲ ಹದಿನೈದು ದಿನ ಸಿಟ್ಟಿಗೆ, ಮಿಕ್ಕ ಹದಿನೈದು ದಿನ ಪುರುಸೊತ್ತಿಲ್ಲದೆ. ನನ್ನ ಮನೆಯಲ್ಲಿ ಮಾತು ಬಂದಿಲ್ಲ. ಬರಬೇಕಿತ್ತು, ಬಂದಿಲ್ಲ. ಆ ಹೆಣ್ಣುಮಗಳ ಬಗ್ಗೆ ಇನ್ನೊಂದು ಸಲ ಹಾಗೆ ಬರೆಯಬೇಡ.

ನಿನ್ನ ಪಟ್ಟಿ ನೋಡಿದೆ. ಪ್ರತಿದಿನವೂ ಹಿಂದಿನ ದಿನಕ್ಕಿಂತ ನಾಲ್ಕು ನಿಮಿಷ ಮುಂಚೆ ಶುರುಮಾಡಿದ್ದೀಯ. ನಮ್ಮ ಡಿಪೋದಲ್ಲಾಗಿದ್ದರೆ ನೋಟಿಸ್ ಬರುತ್ತಿತ್ತು. ಆಮೇಲೆ ನೆನಪಾಯಿತು, ನಕ್ಷತ್ರಗಳ ದಿನ ನಮ್ಮ ದಿನಕ್ಕಿಂತ ನಾಲ್ಕು ನಿಮಿಷ ಚಿಕ್ಕದು ಅಂತ ನೀನೇ ಹಿಂದೊಮ್ಮೆ ಹೇಳಿದ್ದು. ನಿಮ್ಮ ಆಂಟೆನಾ ನೆಲದಲ್ಲಿ ಹೂತ ಬಾಣಲೆ, ಅದನ್ನು ಆಚೀಚೆ ತಿರುಗಿಸಲು ಬರುವುದಿಲ್ಲ, ನಿನ್ನ ಮೂಲ ನೆತ್ತಿಯ ಮೇಲೆ ಬಂದಾಗ ಮಾತ್ರ ಇಪ್ಪತ್ತು ನಿಮಿಷ ಕೇಳಬಹುದು. ಅಲ್ಲವೇ? ಹಾಗಾದರೆ ನಕ್ಷತ್ರಗಳ ಲೆಕ್ಕದಲ್ಲಿ ನಲವತ್ತು ಸಲವೂ ನೀನು ಕೇಳಿದ್ದು ಒಂದೇ ಹೊತ್ತಿಗೆ.

ನಿನಗೊಂದು ಕಥೆ ಹೇಳುತ್ತೇನೆ, ನಿಜವಾಗಿ ನಡೆದದ್ದು. ನಾನು ಡಿಪೋಗೆ ಸೇರಿದ ಹೊಸತರಲ್ಲಿ ಒಬ್ಬ ತಪಾಸಣಾಧಿಕಾರಿ ಇದ್ದರು. ಬಿಸಿಲಿರಲಿ ಮಳೆಯಿರಲಿ ಛತ್ರಿ ಬಿಡದವರು, ಹಾಗಾಗಿ ಛತ್ರಿ ಸಾಹೇಬರು. ಒಂಬತ್ತನೇ ನಂಬರಿನ ಮಾರ್ಗದ ಮೇಲೆ ಪ್ರಯಾಣಿಕರ ದೂರು ರಾಶಿ ಬೀಳುತ್ತಿತ್ತು. ಸಾಹೇಬರು ಪ್ರತಿ ಮಂಗಳವಾರ ಬೆಳಿಗ್ಗೆ ಸರಿಯಾಗಿ ಹತ್ತಕ್ಕೆ ಮಾರುಕಟ್ಟೆ ನಿಲ್ದಾಣದಲ್ಲಿ ನಿಂತು ಪರೀಕ್ಷಿಸುತ್ತಿದ್ದರು. ಆ ಮಾರ್ಗದಲ್ಲಿ ಐದು ಬಸ್ಸು. ಹತ್ತಕ್ಕೆ ಅಲ್ಲಿಗೆ ಬರುವುದು ಯಾವಾಗಲೂ ಅದೇ ಒಂದು ಬಸ್ಸು. ತೊಳೆದದ್ದು, ಸೀಟು ಸರಿಯಿರುವುದು, ಕಂಡಕ್ಟರು ನಗುತ್ತಾ ಟಿಕೆಟ್ ಕೊಡುವವನು. ಸಾಹೇಬರು ವರದಿ ಬರೆದರು: ಮಾರ್ಗ ಉತ್ತಮವಾಗಿದೆ, ಪ್ರಯಾಣಿಕರು ಸುಳ್ಳು ಹೇಳುತ್ತಿದ್ದಾರೆ. ಎರಡು ವರ್ಷ ಹೀಗೇ ನಡೆಯಿತು. ಕೊನೆಗೆ ನಮ್ಮ ಹಳೇ ಗುಮಾಸ್ತರು ಕೈಮುಗಿದು "ಸಾರ್, ಒಂದು ಸಲ, ಒಂದೇ ಒಂದು ಸಲ, ಸಂಜೆ ಐದಕ್ಕೆ ಹೋಗಿ ಬನ್ನಿ" ಅಂದರು. ಹೋದರು. ಆ ಸಂಜೆ ಬಂದ ಬಸ್ಸಿಗೆ ಬಾಗಿಲೇ ಇರಲಿಲ್ಲ.

ಸಾಹೇಬರು ಕೆಟ್ಟವರಲ್ಲ ಅಕ್ಕ. ಕಣ್ಣಿಗೆ ಕಂಡದ್ದನ್ನೇ ಬರೆದರು. ಸಂಜೆ ಐದಕ್ಕೆ ಅಲ್ಲಿ ನಿಲ್ಲುವವರ ಮಾತನ್ನು ಮಾತ್ರ ನಂಬಲಿಲ್ಲ.

ಬುದ್ಧಿವಂತೆ ನೀನು. ಬಿಡಿಸಿ ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ.

ತಮ್ಮ


ಏಪ್ರಿಲ್ 24

ನನ್ನ ಬಂಗಾರದಂಥ ತಮ್ಮಾ!

ನಿನ್ನ ಕಾಗದ ಓದುತ್ತಾ ಓದುತ್ತಾ ಎದ್ದು ನಿಂತೆ. ಕುರ್ಚಿ ಹಿಂದಕ್ಕೆ ಬಿತ್ತು. ಉದ್ದ ಕೂದಲಿನವನು ಏನಾಯಿತು ಅಂತ ಓಡಿಬಂದ.

ನಲವತ್ತು ಸಲವೂ ಒಂದೇ ಹೊತ್ತು! ಗೊತ್ತಿತ್ತು ಕಣೋ, ಗೊತ್ತಿದ್ದೂ ಯೋಚಿಸಿರಲಿಲ್ಲ. ನೋಡು, ಕೆಲವು ಪಲ್ಸಾರ್‌ಗಳಿಗೆ ಪಕ್ಕದಲ್ಲೇ ಒಂದು ಚಿಕ್ಕ ನಕ್ಷತ್ರ ಜೊತೆಗಿರುತ್ತದೆ. ಎರಡೂ ಕೆಲವೇ ಗಂಟೆಗಳಲ್ಲಿ ಒಂದನ್ನೊಂದು ಸುತ್ತುತ್ತವೆ. ಪಲ್ಸಾರಿನ ಝಳಕ್ಕೆ ಆ ಚಿಕ್ಕದು ಬೆಂದು ಹೋಗಿ ಅದರ ಮೈಯಿಂದ ಅನಿಲ ಏಳುತ್ತಿರುತ್ತದೆ. ಆ ಚಿಕ್ಕದು ನಮಗೂ ಪಲ್ಸಾರಿಗೂ ನಡುವೆ ಬಂದಾಗ ಅನಿಲದ ಮರೆಯಲ್ಲಿ ರೇಡಿಯೋ ನಿಂತುಹೋಗುತ್ತದೆ. ಗಾಮಾ ಕಿರಣಕ್ಕೆ ಆ ಮರೆ ಲೆಕ್ಕಕ್ಕಿಲ್ಲ, ತೂರಿಕೊಂಡು ಬರುತ್ತದೆ. ನಲವತ್ತು ಸಲ ಕೇಳಿದ ಮೇಲೆ ಒಂದಾದರೂ ಸಲ ಮರೆಯಿಂದ ಈಚೆ ಇರಲೇಬೇಕು ಅಂತ ನಾನು ನಂಬಿದ್ದೆ. ಆದರೆ ಅದು ನಕ್ಷತ್ರಗಳ ಒಂದು ದಿನಕ್ಕೆ ಸರಿಯಾಗಿ ಐದು ಸುತ್ತು ಹಾಕುವಂಥದ್ದಾದರೆ? ನಾನು ಹೋಗಿ ನಿಂತಾಗಲೆಲ್ಲ ಅದೇ ಜಾಗ, ಅದೇ ಮರೆ. ನಿನ್ನ ಐದು ಬಸ್ಸು!

ಕೂಡಲೇ ಬೆಳಕು ಹಿಡಿಯುವ ಸಾಧಾರಣ ದೂರದರ್ಶಕ ಇರುವ ಗೆಳತಿಯೊಬ್ಬಳಿಗೆ ಬರೆದೆ. ಆ ಬಡಾವಣೆಯ ಮಂಕು ನಕ್ಷತ್ರಗಳ ಹಳೆಯ ಫೋಟೋಗಳನ್ನೆಲ್ಲ ತೆಗೆಸಿ ಅಳೆಸಿದಳು. ಒಂದು ಚುಕ್ಕಿ ಮಂಕಾಗಿ ಮತ್ತೆ ಬೆಳಗುತ್ತಿದೆ, ಬೆಳಗಿ ಮತ್ತೆ ಮಂಕಾಗುತ್ತಿದೆ. ಸುತ್ತಿಗೆ ನಾಲ್ಕು ಗಂಟೆ ನಲವತ್ತೇಳು ನಿಮಿಷ ಹದಿಮೂರು ಸೆಕೆಂಡು. ಐದರಿಂದ ಗುಣಿಸಿ ನೋಡು.

ತಿರುಗಿಸಬಹುದಾದ ಆಂಟೆನಾ ಬೇರೆ ಸಂಸ್ಥೆಯಲ್ಲಿದೆ. ಕಾಡಿ ಬೇಡಿ ಮೇ ಎರಡನೇ ವಾರದಲ್ಲಿ ಆರು ಗಂಟೆ ಹೊತ್ತು ಕೊಡಿಸಿಕೊಂಡಿದ್ದೇನೆ. ನಾಡಿದ್ದೇ ಹೊರಡುತ್ತೇನೆ, ಮೂರು ವಾರ ಅಲ್ಲೇ. ಅಲ್ಲಿಂದ ಬಂದ ಮೇಲೆ ಅಮ್ಮನ ವಿಷಯ ಕೂತು ಮಾತಾಡೋಣ. ಅವಸರವೇನೂ ಇಲ್ಲವಲ್ಲ. ಮೊನ್ನೆ ಭಾನುವಾರ ನಿನ್ನ ಛತ್ರಿ ಸಾಹೇಬರ ಕಥೆ ಅಮ್ಮನಿಗೆ ಹೇಳಿದೆ, ಬಿದ್ದು ಬಿದ್ದು ನಕ್ಕಳು.

ಅಕ್ಕ


ಮೇ 2

ಅಕ್ಕಾ,

ಸಂತೋಷ. ನಿಜವಾಗಿಯೂ ಸಂತೋಷ.

ಆದರೆ ಆ ಕಥೆ ನಾನು ಬರೆದದ್ದು ನಿನ್ನ ನಕ್ಷತ್ರದ ಬಗ್ಗೆ ಅಲ್ಲ.

ತಮ್ಮ


ಮೇ 21

ತಮ್ಮಾ,

ಇವತ್ತು ಮಧ್ಯಾಹ್ನ ಬಂದೆ. ಮೇಜಿನ ಮೇಲೆ ನಿನ್ನ ಕಾಗದವಿತ್ತು. ಮೂರು ಸಾಲು.

ಪಲ್ಸಾರ್ ಸಿಕ್ಕಿತು. ಮೇ ಹನ್ನೊಂದಕ್ಕೆ, ಮರೆಯಿಂದ ಆಚೆ ಬರುವ ಹೊತ್ತು ಲೆಕ್ಕ ಹಾಕಿ ಆಂಟೆನಾ ತಿರುಗಿಸಿದೆವು. ನಾಲ್ಕೇ ನಿಮಿಷಕ್ಕೆ ಪರದೆಯ ಮೇಲೆ ಮಿಡಿತ ಬಂತು, ಸೆಕೆಂಡಿಗೆ ಮುನ್ನೂರ ಎಂಬತ್ತು ಸಲ. ಅದೇ ಮಿಡಿತ ಉಪಗ್ರಹ ಹಿಡಿದ ಗಾಮಾ ಕಿರಣದಲ್ಲೂ ಇದೆ ಅಂತ ತಾಳೆಯಾಯಿತು. ಎಲ್ಲರೂ ಎದ್ದು ಚಪ್ಪಾಳೆ ಹೊಡೆದರು. ನಾನು ಅತ್ತೆ. ಅದು ಅಲ್ಲೇ ಇತ್ತು ಕಣೋ. ಮೊದಲ ದಿನದಿಂದಲೂ ಅಲ್ಲೇ ಇತ್ತು.

ಈ ಸುದ್ದಿಯನ್ನೇ ಎಂಟು ಪುಟ ಬರೆಯಬೇಕು ಅಂತ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ನಿನ್ನ ಮೂರು ಸಾಲು ಓದಿದ ಮೇಲೆ ಛತ್ರಿ ಸಾಹೇಬರ ಕಾಗದ ಹುಡುಕಿ ತೆಗೆದೆ. ಅದರ ಬೆನ್ನಿಗೆ ನನ್ನ ಲೆಕ್ಕಗಳನ್ನೆಲ್ಲ ಗೀಚಿಕೊಂಡಿದ್ದೇನೆ. ತಿರುಗಿಸಿ ಮತ್ತೆ ಓದಿದೆ. ಎರಡು ವರ್ಷ. ಬೆಳಿಗ್ಗೆ ಹತ್ತು. "ಸಂಜೆ ಐದಕ್ಕೆ ಅಲ್ಲಿ ನಿಲ್ಲುವವರ ಮಾತನ್ನು ಮಾತ್ರ ನಂಬಲಿಲ್ಲ."

ಎಂಥ ದಡ್ಡಿ ನಾನು. ಅದನ್ನು ಅಮ್ಮನಿಗೇ ಹೇಳಿ ನಗಿಸಿದೆನಲ್ಲ.

ಮ್ಯಾನೇಜರಮ್ಮನ ಹತ್ತಿರ ಹೋಗಿ ನನಗೆ ಸಂಜೆ ಐದೂವರೆಯ ಹೊತ್ತು ಬೇಕು, ಭಾನುವಾರ ಬೇಡ ಅಂದೆ. ಕನ್ನಡಕದ ಮೇಲಿಂದ ನೋಡಿದರು. ಯಾಕೆ ಅಂತ ಕೇಳಿದರು. ಹೇಳಿದೆ. ಗೋಡೆಯ ಪಟ್ಟಿಯಲ್ಲಿ ತಮ್ಮ ಹೆಸರು ಹೊಡೆದು ಹಾಕಿ ಬುಧವಾರದ ತಮ್ಮ ಅರ್ಧ ಗಂಟೆ ನನಗೆ ಕೊಟ್ಟರು. ಜೂನ್ ನಾಲ್ಕು, ಬುಧವಾರ. ಮಾಡಲೇ?

ಅಕ್ಕ


ಮೇ 28

ಅಕ್ಕಾ,

ಮಾಡು. ಅದಕ್ಕೆ ಮುಂಚೆ ನಾನೂ ಒಂದಿಷ್ಟು ಒಪ್ಪಿಕೊಳ್ಳಬೇಕು. ತಪ್ಪು ನಿನ್ನೊಬ್ಬಳದಲ್ಲ.

ಬೆಳಗಿನ ಹೊತ್ತು ಅಮ್ಮ ಚೆನ್ನಾಗಿರುವುದು ನಿಜ. ಆದರೆ ನೀನು ಕೇಳಿಸಿಕೊಂಡಷ್ಟು ಚೆನ್ನಾಗಲ್ಲ. ಭಾನುವಾರ ಎಂಟಕ್ಕೇ ಅವಳನ್ನು ಎಬ್ಬಿಸಿ, ಸ್ನಾನ ಮಾಡಿಸಿ, ತಲೆ ಬಾಚಿ, ಫೋನಿನ ಪಕ್ಕ ಕೂರಿಸುತ್ತಿದ್ದೆ. ಕೈಗೊಂದು ಚೀಟಿ ಕೊಡುತ್ತಿದ್ದೆ, ದಪ್ಪ ಅಕ್ಷರದಲ್ಲಿ: ಫೋನ್ ಮಾಡುವವಳು ನಿನ್ನ ಮಗಳು. ಆಕಾಶದ ಕೆಲಸ. ಮೊಣಕಾಲು ನೋವು ಕೇಳು. ಉದ್ದ ಕೂದಲಿನವನನ್ನು ಕೇಳು. ಮದುವೆ ಸುದ್ದಿ ಎತ್ತಬೇಡ. ಸ್ಪೀಕರ್ ಹಾಕಿ ಪಕ್ಕದಲ್ಲೇ ಕೂತಿರುತ್ತಿದ್ದೆ, ತಡವರಿಸಿದರೆ ಬೆರಳಿಟ್ಟು ಮುಂದಿನ ಸಾಲು ತೋರಿಸುತ್ತಿದ್ದೆ.

ಯಾಕೆ ಅಂದರೆ, ಮೊದಲು ನಿನಗೆ ನೋವಾಗಬಾರದು ಅಂತ. ವಾರಕ್ಕೊಂದು ಅರ್ಧ ಗಂಟೆ ಸಿಗುವವಳಿಗೆ ಅದರಲ್ಲೂ ಅಳಿಸುವುದು ಬೇಡ ಅಂತ. ಅಮ್ಮನಿಗೂ ಅದು ಇಷ್ಟವಿತ್ತು. ಆಮೇಲೆ ನಿನಗೆ ನಿಜ ಗೊತ್ತಾಗಲಿ ಅನ್ನಿಸಿದಾಗಲೂ ಚೀಟಿ ಕೊಡದೆ ಬಿಡಲು ಮನಸ್ಸು ಬರಲಿಲ್ಲ. ನಿನ್ನ ಮುಂದೆ ಅವಳು ಸೋಲುವುದನ್ನು ನೋಡಲಾರೆ. ಒಂದು ಕೈಯಲ್ಲಿ ಚೀಟಿ ಬರೆಯುವುದು, ಇನ್ನೊಂದು ಕೈಯಲ್ಲಿ ಅವಳಿಗೆ ಹುಷಾರಿಲ್ಲ ಅಂತ ನಿನಗೆ ಕಾಗದ ಬರೆಯುವುದು. ನೀನು ನಂಬದೇ ಇದ್ದದ್ದರಲ್ಲಿ ಏನು ಆಶ್ಚರ್ಯ?

ಇನ್ನೊಂದಿದೆ. ದಿನಾ ಎರಡು ಹೊತ್ತು ಹೋಗಿ ಬರುತ್ತೇನೆ ಅಂದುಕೊಂಡಿದ್ದೀಯ. ಅಕ್ಟೋಬರಿನಿಂದ ನಾನು ಇಲ್ಲೇ, ಅಮ್ಮನ ಮನೆಯಲ್ಲೇ ಇದ್ದೇನೆ. ಬೆಳಿಗ್ಗೆ ಆರರಿಂದ ಎರಡರವರೆಗೆ ಡಿಪೋ, ಆ ಹೊತ್ತು ದರ್ಜಿಯ ಹೆಂಡತಿ ಮೇಲೆ ಬಂದು ಕೂರುತ್ತಾರೆ. ಎರಡರಿಂದ ಮಾರನೇ ಬೆಳಗಿನವರೆಗೆ ನಾನು. ನನ್ನ ಹೆಂಡತಿ ಬುಧವಾರ ಮತ್ತು ಶನಿವಾರ ಮಗಳನ್ನು ಕರೆದುಕೊಂಡು, ಊಟದ ಡಬ್ಬಿ ಹಿಡಿದುಕೊಂಡು, ಎರಡು ಬಸ್ಸು ಬದಲಿಸಿ ಬರುತ್ತಾಳೆ. ಹಿಂದಿನ ವಾರ ಮಗಳು "ಅಪ್ಪಾ, ನಿನ್ನ ಮನೇಲಿ ಪೆನ್ಸಿಲ್ ಇದೆಯಾ?" ಅಂದಳು. ನಿನ್ನ ಮನೆ ಅಂತೆ. ಇವಳು ಅತ್ತ ತಿರುಗಿಕೊಂಡಳು.

ಒಂದು ವಾರ ಅಂತ ಬಂದು ಕೂತವನು ನಾನು. ನಿನಗೆ ಹೇಳಿದರೆ ಕೆಲಸ ಬಿಟ್ಟು ಬಂದುಬಿಡುತ್ತೀಯ ಅಂತ ಹೆದರಿದೆ. ಹೇಳಿಯೂ ನೀನು ಬರದೇ ಹೋದರೆ ಅನ್ನುವ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು.

ಆರೈಕೆ ಮನೆಯವರು ನಮ್ಮ ಜಾಗವನ್ನು ಜೂನ್ ಮುಗಿಯುವವರೆಗೆ ಇಟ್ಟುಕೊಳ್ಳಲು ಒಪ್ಪಿದ್ದಾರೆ. ಅದಕ್ಕಿಂತ ಆಚೆ ಆಗುವುದಿಲ್ಲ ಅಂದರು.

ನಾಲ್ಕನೇ ತಾರೀಖು ಚೀಟಿ ಕೊಡುವುದಿಲ್ಲ. ಇವಳಿಗೂ ಆ ಬುಧವಾರ ಬರಬೇಡ ಅಂತ ಹೇಳುತ್ತೇನೆ. ಫೋನು ಅಮ್ಮನೇ ಎತ್ತಲಿ. ನಾನು ಅಡುಗೆಮನೆಯಲ್ಲಿ ಇರುತ್ತೇನೆ, ಸ್ಪೀಕರ್ ಹಾಕುವುದಿಲ್ಲ. ಅವಳು ಏನಂದರೂ ಮನಸ್ಸಿಗೆ ಹಚ್ಚಿಕೊಳ್ಳಬೇಡ.

ತಮ್ಮ


ಜೂನ್ 5

ತಮ್ಮಾ,

ನಿನ್ನೆ ನಾನು ಫೋನ್ ಇಟ್ಟ ಮೇಲೆ ಅಮ್ಮ ನಿನಗೆ ಏನು ಹೇಳಿದಳೋ ಗೊತ್ತಿಲ್ಲ. ಏನೂ ಹೇಳಿರಲಾರಳು. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಏಳನೇ ರಿಂಗಿಗೆ ಎತ್ತಿದಳು. "ಅಮ್ಮಾ, ನಾನು" ಅಂದೆ. "ಯಾರು ಬೇಕಾಗಿತ್ತು?" ಅಂದಳು. ದನಿ ಬೇರೆಯೇ ಇತ್ತು, ಹೊರಗಿನವರ ಜೊತೆ ಮಾತಾಡುವ ದನಿ. "ನಾನಮ್ಮ, ನಿನ್ನ ಮಗಳು" ಅಂದೆ. "ಅವಳು ದೂರ ಇದಾಳೆ. ಅವಳ ಕೆಲಸ ಮುಖ್ಯವಾದ್ದು, ಈ ಹೊತ್ತಲ್ಲಿ ಅವಳಿಗೆ ಪುರುಸೊತ್ತಿರಲ್ಲ" ಅಂದಳು. ಮ್ಯಾನೇಜರಮ್ಮ ಎದ್ದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು.

ಆಮೇಲೆ ಅಮ್ಮ ದನಿ ತಗ್ಗಿಸಿದಳು. "ನೀವು ಆಫೀಸಿನವರಾ? ಒಂದು ಉಪಕಾರ ಆಗಬೇಕಿತ್ತು" ಅಂದಳು. ಹೇಳಿ ಅಂದೆ. ಹೌದು, ಅಮ್ಮನಿಗೆ ಹೊರಗಿನವರಂತೆ "ಹೇಳಿ" ಅಂತಲೇ ಅಂದೆ.

"ಇಲ್ಲೊಬ್ಬರು ಇದಾರೆ. ಈಗ ಅಡುಗೆಮನೇಲಿದಾರೆ, ಮೆಲ್ಲಗೆ ಮಾತಾಡ್ತೀನಿ. ತುಂಬ ಒಳ್ಳೇ ಮನುಷ್ಯ. ನೀರು ಕಾಯಿಸಿ ಕೊಡ್ತಾರೆ, ಊಟ ಮಾಡಿಸ್ತಾರೆ. ನಾನು ಬೈತೀನಿ, ಒಂದ್ಸಲ ಹೊಡೆದೂಬಿಟ್ಟೆ, ಸುಮ್ನೆ ಇರ್ತಾರೆ. ಯಾರ ಮಗನೋ ಪಾಪ. ಎಷ್ಟೋ ದಿನದಿಂದ ಇಲ್ಲೇ ಇದಾರೆ. ಅವರಿಗೂ ಮನೆ ಅಂತ ಇರತ್ತಲ್ವಾ? ಅಲ್ಲಿ ಯಾರೋ ಕಾಯ್ತಾ ಇರ್ತಾರಲ್ವಾ? ನಾನು ಹೇಳಿದ್ರೆ ಕೇಳಲ್ಲ. ನೀವು ಆಫೀಸಿನವರು ಹೇಳಿದ್ರೆ ಕೇಳ್ತಾರೆ. ಮನೆಗೆ ಕಳಿಸಿಬಿಡಿ."

ಅವಳು ನಿನ್ನನ್ನು ಹೊಡೆದಳು ಅಂತ ನೀನು ನನಗೆ ಬರೆಯಲೇ ಇಲ್ಲ.

ಕಳಿಸುತ್ತೇನೆ ಅಂದೆ. "ಮಾತು ಕೊಡ್ತೀರಾ?" ಅಂದಳು. ಕೊಟ್ಟೆ. "ತುಂಬ ಉಪಕಾರ ಆಯ್ತು" ಅಂತ ಫೋನ್ ಇಟ್ಟಳು. ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷ ಇನ್ನೂ ಬಾಕಿ ಇತ್ತು. ನಾನು ಅಲ್ಲೇ ಕೂತಿದ್ದೆ.

ಇವತ್ತು ಬೆಳಿಗ್ಗೆ ಆರು ತಿಂಗಳ ರಜೆ ಬರೆದುಕೊಟ್ಟೆ. ಪಲ್ಸಾರಿನ ಮುಂದಿನ ಕೆಲಸ ಉದ್ದ ಕೂದಲಿನವನು ನೋಡಿಕೊಳ್ಳುತ್ತಾನೆ. ಅದು ಎಲ್ಲಿಗೂ ಹೋಗುವುದಿಲ್ಲ. ಆರೈಕೆ ಮನೆಯನ್ನು ನಾವಿಬ್ಬರೂ ಒಟ್ಟಿಗೆ ಹೋಗಿ ನೋಡೋಣ, ಸಂಜೆ ಹೊತ್ತಿನಲ್ಲಿ ನೋಡೋಣ, ಆಮೇಲೆ ಹೂಂ ಅನ್ನಬೇಕೋ ಬೇಡವೋ ಅಂತ ಒಟ್ಟಿಗೆ ತೀರ್ಮಾನಿಸೋಣ. ನಿನ್ನ ಹೆಂಡತಿಯ ಬಗ್ಗೆ ನಾನು ಬರೆದ ಮಾತಿಗೆ ಅವಳೆದುರು ನಿಂತು ಕ್ಷಮೆ ಕೇಳುತ್ತೇನೆ. ನಿನ್ನದನ್ನು ಹೇಗೆ ಕೇಳಬೇಕೋ ತಿಳಿಯುತ್ತಿಲ್ಲ.

ಮಂಗಳವಾರ ಮಧ್ಯಾಹ್ನ ಮೂರಕ್ಕೆ ಬರುತ್ತೇನೆ. ಅಮ್ಮನಿಗೆ ನಾನು ಯಾರು ಅಂತ ಹೇಳಿಕೊಡಬೇಡ. ಅವಳಿಗೆ ಗೊತ್ತಾದರೆ ಆಗಲಿ, ಆಗದಿದ್ದರೆ ಆಫೀಸಿನವಳಾಗಿಯೇ ಇರುತ್ತೇನೆ. ಬಾಗಿಲು ತೆಗೆದು ಬೀಗದ ಕೈ ನನ್ನ ಕೈಗೆ ಕೊಡು. ಔಷಧಿ ಯಾವುದು ಎಲ್ಲಿದೆ ಅಂತ ಒಂದು ಕಾಗದದಲ್ಲಿ ಬರೆದಿಡು, ನಿಂತು ವಿವರಿಸುತ್ತಾ ಹೊತ್ತು ಕಳೆಯಬೇಡ. ಮೂರೂ ಕಾಲಿಗೆ ಅಲ್ಲಿಂದ ಬಸ್ಸಿದೆ ಅಂತ ನಿನಗೇ ಗೊತ್ತು, ಆ ಪಟ್ಟಿ ಮಾಡಿದವನು ನೀನೇ.

ಮನೆಗೆ ಹೋಗು. ಅಮ್ಮ ಹೇಳಿದ್ದಾಳೆ.

ಅಕ್ಕ